ನಡುವಿನ ಸೀಟಿನ ಸುಖ

ಮನುಷ್ಯನಿಗೆ ಕೂರಲು ಜಾಗ ಸಿಕ್ಕರೆ ಸಾಲದು, ಅದು ಇನ್ನೊಬ್ಬನಿಗಿಂತ ಮುಂದೆ ಇರಬೇಕು. ಏಳನೇ ಇಯತ್ತೆಗೆ ಸಾಲಿ ಬಿಟ್ಟು, ಕ್ಲೀನರನಾಗಿ ಮಂದಿಯ ಗಾಡಿ ಒರೆಸಿ, ಈಗ ಹಿರೇಕೆರೂರು–ಹಾನಗಲ್ ದಾರಿಯಲ್ಲಿ ಸ್ವಂತ ಕ್ರೂಸರ್ ಜೀಪು ಓಡಿಸುವ ನನಗೆ ಇಷ್ಟು ಗೊತ್ತಿತ್ತು. ಗೊತ್ತಿದ್ದೂ ಕೆಟ್ಟೆ. ಕೆಡಿಸಿದ್ದು ವಿಮಾನ.

ಹೋದ ವರ್ಷ ಹೆಂಡತಿಯ ತಮ್ಮ ನನ್ನನ್ನು ಬೆಂಗಳೂರಿನಿಂದ ದಿಲ್ಲಿಗೆ ವಿಮಾನದಲ್ಲಿ ಕರೆದೊಯ್ದ. ಒಳಗೆ ಕಾಲಿಡುತ್ತಲೇ ನೋಡುತ್ತೇನೆ, ಬಾಗಿಲ ಬಳಿಯ ಅಗಲವಾದ ಕುರ್ಚಿಗಳಲ್ಲಿ ನಾಲ್ಕಾರು ಮಂದಿ ಆಗಲೇ ಕಾಲು ಚಾಚಿ ಏನೋ ಹೀರುತ್ತಿದ್ದಾರೆ. ನಾವೆಲ್ಲ ಬ್ಯಾಗು ಎದೆಗವಚಿಕೊಂಡು ಅವರೆದುರು ಮೆರವಣಿಗೆ ಹೋಗಿ, ಪಾಯಖಾನೆಯ ಪಕ್ಕದ ಕೊನೆಯ ಸಾಲಿನಲ್ಲಿ ಮಡಚಿಕೊಂಡು ಕುಳಿತೆವು. ನಡುವೆ ಪರದೆ ಬೇರೆ ಎಳೆದರು. "ಅವರ್ಯಾಕ ಮುಂದ?" ಎಂದೆ. "ಇಂಜಿನ್ನು ರೆಕ್ಕಿ ಕೆಳಗ ಇರ್ತಾವ ಮಾವಾರ, ಮುಂದ ಸಪ್ಪಳ ಕಡಿಮಿ. ಬಾಲದ ಕಡೆ ಕುಲುಕೂದು ಜಾಸ್ತಿ. ಬಾಗಲಾನೂ ಅಲ್ಲೇ ಐತಿ, ಮೊದಲ ಇಳೀತಾರ" ಎಂದ. "ಮತ್ತ ಪರದೆ?" "ಅದು ನೀವು ನೋಡಬಾರದಂತ." ನೋಡಬಾರದಿದ್ದರೆ ನಮ್ಮನ್ನು ಹಿಂದಿನ ಬಾಗಿಲಿಂದ ಹತ್ತಿಸಬಹುದಿತ್ತಲ್ಲ! ದಿಲ್ಲಿ ಮುಟ್ಟುವವರೆಗೂ ಹಲ್ಲು ಕಡಿದೆ. ಆದರೆ ಒಂದು ಮಾತು ತಲೆಯಲ್ಲಿ ಕುಳಿತುಬಿಟ್ಟಿತು: ದೊಡ್ಡವರಿಗೆ ಕೊಡಬೇಕಾದ್ದು ಸುಖದ ಜಾಗ. ವಿಮಾನದಲ್ಲಿ ಅದು ಮುಂದಿದೆ, ಅಷ್ಟೇ.

ನನ್ನ ಕ್ರೂಸರಿನಲ್ಲಿ ಹಾಗಲ್ಲ. ಮುಂದೆ ಕುಳಿತರೆ ಇಂಜಿನ್ನಿನ ಕಾವು, ಗೇರಿನ ಕೋಲು ಮೊಣಕಾಲಿಗೆ. ಹಿಂದೆ ಕುಳಿತರೆ ತಗ್ಗು ಬಂದಾಗೆಲ್ಲ ತಲೆ ಟಾಪಿಗೆ. ಸುಖವಿರುವುದು ನಡುವಿನ ಸೀಟಿನಲ್ಲಿ. ಆದರೂ ನಮ್ಮ ಕಡೆ ಬೀಗರನ್ನು ಕರೆತರುವಾಗ ಹುಡುಗನ ಸೋದರಮಾವ ಡ್ರೈವರನ ಬಾಜೂಕೇ ಕೂರಬೇಕು. ಪದ್ಧತಿ!

ಮಗಳ ನಿಶ್ಚಯದ ದಿನ ಬೀಗರನ್ನು ಕರೆತರಲು ಸವಣೂರಿಗೆ ಹೋದೆ. ದಿಲ್ಲಿ ಕಂಡು ಬಂದವನಲ್ಲವೇ, ನಡುವಿನ ಸೀಟಿಗೆ ಹೊಸ ಗಾದಿ ಹಾಸಿ, ಮುಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ಇಟ್ಟಿದ್ದೆ. ಹುಡುಗನ ಸೋದರಮಾವ ಬಂದವರು ಬುಟ್ಟಿ ನೋಡಿ ಅಲ್ಲೇ ನಿಂತರು.

"ಏನ್ರಿ ಬೀಗರ, ನಮಗಿಂತ ಬಾಳಿಹಣ್ಣು ದೊಡ್ಡವಾದುವೇನು?"

"ಹಂಗಲ್ರೀ, ನಡುವ ಕುಲುಕೂದಿಲ್ಲ. ವಿಮಾನದಾಗೂ ದೊಡ್ಡವರಿಗೆ..."

"ವಿಮಾನದಾಗ ದೊಡ್ಡವರು ಎಲ್ಲಿ ಕುಂದರ್ತಾರ?"

"ಮುಂದ ರೀ."

"ಮತ್ತ!"

ಅಷ್ಟೆಂದು ಅವರು ಕಟ್ಟೆಯ ಮೇಲೆ ಕುಳಿತೇಬಿಟ್ಟರು. "ನಿಶ್ಚಯದ ಮಾತು ಇನ್ನೊಮ್ಮೆ ನೋಡೂಣು ತಗೋರಿ." ಅತ್ತ ಮನೆಯಲ್ಲಿ ಮಗಳು ಹೊಸ ಸೀರೆ ಉಟ್ಟು ಕಾಯುತ್ತಿದ್ದಾಳೆ, ಇತ್ತ ಒಂದು ಸೀಟಿಗಾಗಿ ಸಂಬಂಧ ಮುರಿಯುತ್ತಿದೆ. ಓಡಿಹೋಗಿ ಬುಟ್ಟಿ ಇಳಿಸಿ, "ಬರ್ರಿ, ಮುಂದನ ಕುಂದರ್ರಿ" ಎಂದು ಕೈಮುಗಿದೆ. "ಬುಟ್ಟಿ ಇಳಿಸಿದ ಜಾಗಾ ನನಗ ಬ್ಯಾಡ!" ಎಂದರು.

ಆಗ ಹುಡುಗನ ತಾಯಿ, ಅಂದರೆ ಅವರ ಸ್ವಂತ ತಂಗಿ, ಸೀರೆಯ ನೆರಿಗೆ ಎತ್ತಿಕೊಂಡು ಮುಂದಿನ ಸೀಟು ಹತ್ತಿ ಕುಳಿತರು. "ಅಣ್ಣಾ, ನೀ ಕಟ್ಟಿ ಮ್ಯಾಲ ಆರಾಮ ಕುಂತಿರು. ನಾವು ಸೊಸಿಗೆ ಸೀರಿ ಉಡಿಸಿ ಬರ್ತೇವಿ. ಗಾಡಿ ಬಿಡ್ರಿ ಬೀಗರ!"

ನಾನು ಗಾಡಿ ಚಾಲೂ ಮಾಡಿದೆ. ಅಣ್ಣ ಕಟ್ಟೆಯಿಂದೆದ್ದು ಬಂದು ನಡುವಿನ ಸೀಟಿಗೆ ಹತ್ತಿದರು. ಬಂಕಾಪುರ ದಾಟುವಷ್ಟರಲ್ಲಿ ಹೊಸ ಗಾದಿಯ ಮೇಲೆ ಅವರ ಗೊರಕೆ ಶುರುವಾಗಿತ್ತು. ಬೀಗತಿಯವರು ಮಾತ್ರ ದಾರಿಯುದ್ದಕ್ಕೂ "ಹಾರ್ನ್ ಹೊಡೀರಿ, ಎಮ್ಮಿ ಬಂತು" ಎಂದು ನನಗೆ ಗಾಡಿ ಹೊಡೆಯುವುದನ್ನು ಕಲಿಸಿದರು. ಕಲಿತೆ. ನಿಶ್ಚಯ ಸುಸೂತ್ರ ಮುಗಿಯಿತು.

ಮೊನ್ನೆ ಮದುವೆಗೆ ಬಸ್ಸು ಗೊತ್ತು ಮಾಡಿ, ಮುಂದಿನ ಸೀಟು ನನಗೇ ಇರಲಿ ಎಂದು ಡ್ರೈವರನಿಗೆ ಹೇಳಿದೆ. "ಅಲ್ಲಿ ಬಿಸಲು ಮಾರಿಗೆ ಹೊಡೀತೈತ್ರಿ ಯಜಮಾನ್ರ, ನಡುವ ಆರಾಮ ಕುಂದರ್ರಿ" ಎಂದ ಪುಣ್ಯಾತ್ಮ.

"ಹುಡುಗಿ ಅಪ್ಪ ಅದೇನಿ ನಾ! ನಡುವ ಕುಂದ್ರಾಕ ನನ್ನ ಯಾರಂತ ತಿಳದಿ?" ಎಂದು ಅವನ ಮೇಲೆ ಹರಿಹಾಯ್ದೆ.