ಹತ್ತೇ ನಿಮಿಷದ ಸೆಕ್ಯೂರಿಟಿ ಡಬ್ಬಿ

ನನ್ನ ಬೈಕಿಗೆ ಬೇರೆಯವನು ಸ್ಪ್ಯಾನರ್ ಹಾಕುವುದೇ? ಈ ಅನಂತರಾಜು ಉಸಿರಾಡುತ್ತಿರುವ ತನಕ ಅದು ನಡೆಯದ ಮಾತು!

ಹೀಗೆ ನಾನು ಘೋಷಿಸಿದ್ದು 2006ರ ಜೂನ್ ತಿಂಗಳಲ್ಲಿ, ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ನಿಂತು. ಕೇಳಿಸಿಕೊಂಡವಳು ನನ್ನ ಹೆಂಡತಿ ಸಂಧ್ಯಾ.

"ನೀವು ಯಾವತ್ತಾದ್ರೂ ಸ್ಪ್ಯಾನರ್ ತಿರುಗ್ಸಿದೀರಾ?" ಎಂದಳು.

ಎಂಥ ಅವಮಾನ! ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ನಾನು ಹದಿನಾಲ್ಕು ವರ್ಷದಿಂದ ಸ್ಟೋರ್ ಕೀಪರ್. ದಿನಕ್ಕೆ ಐವತ್ತು ಸ್ಪ್ಯಾನರ್ ನನ್ನ ಕೈ ದಾಟಿ ಹೋಗುತ್ತವೆ, ಸಂಜೆ ಐವತ್ತೂ ವಾಪಸ್ ಬರುತ್ತವೆ. ಸ್ಪ್ಯಾನರ್ ಕೊಡುವ ಕೈಗೂ ತಿರುಗಿಸುವ ಕೈಗೂ ಇರುವ ವ್ಯತ್ಯಾಸ ಆಗ ನನಗೆ ಹೊಳೆದಿರಲಿಲ್ಲ ಅಷ್ಟೆ.

ವಿಷಯ ಇಷ್ಟು. ನನ್ನ ಬೈಕಿನ ಸೀಟಿನ ಕೆಳಗೆ ಕಂಪನಿಯವರೇ ಕೂರಿಸಿ ಕಳಿಸಿದ್ದ ಒಂದು ಸೆಕ್ಯೂರಿಟಿ ಡಬ್ಬಿ ಇತ್ತು. ಸೋಪಿನ ಪೆಟ್ಟಿಗೆಯಷ್ಟು ಗಾತ್ರ. ರಿಮೋಟಿನ ಗುಂಡಿ ಒತ್ತದೆ ಯಾರಾದರೂ ಬೈಕ್ ಮುಟ್ಟಿದರೆ ಅದು ಕೂಗಬೇಕು. ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯಬೇಕು. ಒಂದು ವಾರದಿಂದ ಅದಕ್ಕೆ ತಲೆ ಕೆಟ್ಟಿತ್ತು. ಎದುರು ಮನೆಯ ಕುಕ್ಕರ್ ಸೀಟಿ ಹಾಕಿದರೆ ಇದು ಉತ್ತರ ಕೊಡುತ್ತಿತ್ತು! ನಾನು ಸೀನಿದರೂ ಕೂಗುತ್ತಿತ್ತು. ಶೋರೂಮಿನಿಂದ ಹೊಸ ಡಬ್ಬಿ ತಂದೆ. ಅಲ್ಲಿನ ಮೆಕ್ಯಾನಿಕ್, "ನಾಳೆ ಗಾಡಿ ತಗೊಂಡ್ಬನ್ನಿ ಸಾರ್, ಹತ್ತೇ ನಿಮಿಷದ ಕೆಲಸ" ಎಂದಿದ್ದ.

ಹತ್ತೇ ನಿಮಿಷವೆಂದ ಮೇಲೆ ಅವನೇಕೆ? ನಾನೇ ಸಾಕಲ್ಲ!

ಆದರೆ ಆ ನಾಳೆ ಎಂಥ ನಾಳೆ! ಆರು ವರ್ಷ ಪರೀಕ್ಷೆ, ಅರ್ಜಿ, ಕೌನ್ಸೆಲಿಂಗ್ ಎಂದು ಅಲೆದ ಸಂಧ್ಯಾಳಿಗೆ ಕೊನೆಗೂ ಸರ್ಕಾರಿ ಹೈಸ್ಕೂಲಿನ ಟೀಚರ್ ಕೆಲಸ ಸಿಕ್ಕಿತ್ತು. ಕುಣಿಗಲ್ ದಾಟಿ ಯಡಿಯೂರಿನ ದಾರಿಯಲ್ಲಿ ಒಂದು ಹಳ್ಳಿ. ಅವಳು ಈಗಲೂ ಅಲ್ಲೇ ಇರುವುದರಿಂದ ಹೆಸರು ಹೇಳುವ ಧೈರ್ಯ ನನಗಿಲ್ಲ. ಡ್ಯೂಟಿಗೆ ಸೇರಲು ಅದೇ ಕೊನೆಯ ದಿನ. ಅದೂ ಮಧ್ಯಾಹ್ನ ಒಂದೂವರೆಯೊಳಗೆ, ಮೂಲ ಅಂಕಪಟ್ಟಿಗಳ ಸಮೇತ.

"ನಿನ್ನನ್ನು ಬೈಕಲ್ಲೇ ಬಿಡ್ತೀನಿ. ಮೊದಲನೇ ದಿನ ಬಸ್ಸಲ್ಲಿ ನುಗ್ಗಾಡ್ಕೊಂಡು ಹೋಗೋದು ಟೀಚರಿಗೆ ಶೋಭೆಯಲ್ಲ" ಎಂದೆ. ಮರುದಿನ ಬೆಳಿಗ್ಗೆ ಆರಕ್ಕೇ ಎದ್ದು, ಅವಳ ಬ್ಯಾಗಿನಲ್ಲಿದ್ದ ಅಂಕಪಟ್ಟಿಗಳ ಫೈಲನ್ನು ತೆಗೆದು ಬೈಕಿನ ಸೈಡ್ ಬಾಕ್ಸಿನಲ್ಲಿಟ್ಟು ಬೀಗ ಹಾಕಿದೆ. ಮಳೆ ಬಂದರೂ ನೆನೆಯಬಾರದಲ್ಲ! ಹೊಸ ಡಬ್ಬಿಯ ಜೊತೆ ಬಂದಿದ್ದ ಸೂಚನೆಗಳ ಹಾಳೆಯನ್ನೂ ಅದರೊಳಗೇ ತುರುಕಿದೆ. ಓದಿ ರಿಪೇರಿ ಮಾಡುವವರು ಬೇರೆ ಜನ. ಸಂಧ್ಯಾಳಿಗೆ ಹೇಳಲಿಲ್ಲ, ಮುನ್ನೆಚ್ಚರಿಕೆಯನ್ನು ಯಾರಾದರೂ ಡಂಗುರ ಸಾರುತ್ತಾರೆಯೇ?

ಆರೂವರೆಗೆ ಸೀಟು ಬಿಚ್ಚಿದೆ. ಏಳಕ್ಕೆ ಪಕ್ಕದ ಕವರು. ಏಳೂಕಾಲಿಗೆ ಪೆಟ್ರೋಲ್ ಟ್ಯಾಂಕು. ಟ್ಯಾಂಕ್ ಬಿಚ್ಚುವ ಅಗತ್ಯವಿರಲಿಲ್ಲವೆಂದು ಬಿಚ್ಚಿದ ಮೇಲೆ ಗೊತ್ತಾಯಿತು. ಹಳೆಯ ಡಬ್ಬಿ ಕಂಡಿತು. ಜೈ ಎಂದು ಅದರ ವೈರು ಕಿತ್ತೆ.

ಕೂಗಿತು ನೋಡಿ! ಅಬ್ಬಬ್ಬಾ! ವೈರು ಕಿತ್ತರೆ ಕಳ್ಳನೇ ಕಿತ್ತ ಎಂದು ಅದರ ತಿಳುವಳಿಕೆಯಂತೆ. ಅದಕ್ಕೆಂದೇ ಅದರ ಹೊಟ್ಟೆಯಲ್ಲೊಂದು ಸ್ವಂತ ಬ್ಯಾಟರಿ ಇತ್ತಂತೆ. ಬೈಕಿನಿಂದ ಬೇರೆಯಾಗಿ ನನ್ನ ಅಂಗೈ ಮೇಲೆ ಕೂತು, ಹಸಿದ ಕೂಸಿನ ಹಾಗೆ ಒಂದೇ ಸಮ ಚೀರತೊಡಗಿತು. ರಿಮೋಟ್ ಒತ್ತಿದೆ, ಕೇಳಲಿಲ್ಲ. ಟವೆಲ್ಲಿನಲ್ಲಿ ಸುತ್ತಿದೆ, ಕೇಳಲಿಲ್ಲ. ಒಳಗೆ ಓಡಿ ಅಕ್ಕಿ ಡ್ರಮ್ಮಿನಲ್ಲಿ ಹೂತೆ. ಈಗ ಡ್ರಮ್ಮೇ ಕೂಗತೊಡಗಿತು!

"ರೀ, ಅಕ್ಕಿಗೆ ಏನು ಹಾಕಿದ್ರಿ?" ಎಂದು ಸಂಧ್ಯಾ ಬಚ್ಚಲಿನಿಂದ ಕಿರುಚಿದಳು.

ಅದೇ ಹೊತ್ತಿಗೆ ಗುಬ್ಬಿಯಿಂದ ನಮ್ಮ ಮಾವ ವೆಂಕಟರಂಗಯ್ಯನವರ ಫೋನು. ಮಗಳು ಹೊರಟಳೇ ಎಂದು ವಿಚಾರಿಸಲು.

"ಅಳಿಯಂದಿರೇ, ಅದೇನು ಹಿಂದ್ಗಡೆ ಸದ್ದು? ಆಂಬುಲೆನ್ಸಾ? ಯಾರ್‌ಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಮಾವ. ಅದು ಬೈಕಿಂದು. ನಾನೇ ರಿಪೇರಿ ಮಾಡ್ತಿದೀನಿ."

"ಓಹೋ, ಅದಕ್ಕೇ ಬಡ್ಕೊಳ್ತಿದೆ ಬಿಡಿ" ಎಂದು ಮಾವ ಫೋನ್ ಇಟ್ಟರು.

ಎಂಟು ಗಂಟೆಗೆ ಸಂಧ್ಯಾ ರೇಷ್ಮೆ ಸೀರೆ ಉಟ್ಟು ಅಂಗಳಕ್ಕೆ ಬಂದಳು. ಬೈಕು ಅಂಗಳದ ತುಂಬ ಹರಡಿಕೊಂಡಿತ್ತು. ಅವಳು ನನ್ನನ್ನು ನೋಡಲಿಲ್ಲ. ಸ್ಕ್ರೂಗಳನ್ನು ತುಳಿಯದಂತೆ ಸೀರೆ ಎತ್ತಿ ದಾಟುತ್ತ ಗೇಟಿನ ಕಡೆ ನಡೆದಳು.

"ಹತ್ತೇ ನಿಮಿಷ ಕಣೇ!"

"ಆ ಹತ್ತು ನಿಮಿಷ ಆರೂವರೆಗೇ ಶುರುವಾಯ್ತು. ನಾನು ಬಸ್ಸಿಗೆ ಹೋಗ್ತೀನಿ."

ಹೋಗಿಯೇಬಿಟ್ಟಳು! ನಾನು ಡಬ್ಬಿಯನ್ನು ಅಕ್ಕಿಯಿಂದ ತೆಗೆದು ಅಂಗಳದಲ್ಲಿ ಅದರ ಸುತ್ತ ತಿರುಗುತ್ತಿದ್ದೆ. ಪಕ್ಕದ ಮನೆಯ ಹೊಂಬಾಳಮ್ಮನವರು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ಕೈಯಲ್ಲಿ ತೆಂಗಿನಕಾಯಿ ಒಡೆಯುವ ಮಚ್ಚು.

"ಏನ್ಲಾ ಅನಂತ, ಒಂದ್ ವಾರದಿಂದ ಕಿವಿ ಹೋಗೈತೆ. ಎಲ್ಲೈತೆ ಅದು?"

ತೋರಿಸಿದೆ. ಮಚ್ಚನ್ನು ತಿರುಗಿಸಿ ಹಿಂಬದಿಯಿಂದ ಒಂದೇ ಒಂದು ಏಟು. ಡಬ್ಬಿ ಎರಡು ಹೋಳಾಗಿ ಬಾಯಿ ಮುಚ್ಚಿತು. ಉಪ್ಪಾರಹಳ್ಳಿಗೆ ಶಾಂತಿ ಮರಳಿತು.

"ಇಷ್ಟಕ್ಕೆ ಅಷ್ಟೊಂದು ಸಾಮಾನು ಹರಡ್ಕೊಂಡಿದೀಯಾ?" ಎಂದು ನನ್ನ ಸ್ಪ್ಯಾನರುಗಳನ್ನು ಕರುಣೆಯಿಂದ ನೋಡಿ ಹೋದರು.

ಹಣೆಯ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಸಂಧ್ಯಾ, ಬಸ್ಸಿನಿಂದ.

"ರೀ, ಬ್ಯಾಗಲ್ಲಿ ಫೈಲಿಲ್ಲ! ಮನೇಲಿ ಬಿಟ್ಟಿದೀನಾ ನೋಡಿ!"

"ಗಾಬರಿಯಾಗಬೇಡ. ಸೇಫಾಗಿದೆ."

"ಎಲ್ಲಿ ಸೇಫಾಗಿದೆ?"

"ಬೈಕಿನ ಸೈಡ್ ಬಾಕ್ಸಲ್ಲಿ."

ಬಸ್ಸಿನ ಎಂಜಿನ್ ಸದ್ದಿನ ನಡುವೆ ಅವಳು ಬಹಳ ಮೆಲ್ಲನೆ ಹೇಳಿದಳು: "ಒಂದೂವರೆಯೊಳಗೆ ಅದು ಇಲ್ಲಿರ್ಬೇಕು. ಆಮೇಲೆ ಆ ಕೆಲಸ ಬೇರೆಯೋರಿಗೆ."

ಆರು ವರ್ಷ ರಾತ್ರಿ ಹಗಲು ಓದಿದವಳು. ನಾನು ಫೈಲ್ ಕಂಕುಳಲ್ಲಿಟ್ಟುಕೊಂಡು ಮುಂದಿನ ಬಸ್ ಹತ್ತಬಹುದಿತ್ತು. ಬುದ್ಧಿ ಇರುವ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ಆದರೆ ಬಸ್ಸಿನಲ್ಲಿ ಹೋದರೆ ನಾನು ಸೋತ ಹಾಗಲ್ಲವೇ? ಗೆದ್ದು ಬೈಕಿನಲ್ಲೇ ಹೋಗಿ ಗೇಟಿನ ಮುಂದೆ ಇಳಿದರೆ ಅವಳ ಕಣ್ಣುಗಳಲ್ಲಿ ಎಂಥ ಮೆಚ್ಚುಗೆ!

ಹೊಸ ಡಬ್ಬಿ ಕೂರಿಸಿದೆ. ಟ್ಯಾಂಕ್ ಇಟ್ಟೆ, ತಿರುಗಾಮುರುಗಾ ಇಟ್ಟಿದ್ದೆ, ತೆಗೆದು ಮತ್ತೆ ಇಟ್ಟೆ. ಗಡಿಯಾರ ನೋಡಿದಾಗಲೆಲ್ಲ ಅದು ಕಾಲು ಗಂಟೆ ಮುಂದೆ ಹಾರುತ್ತಿತ್ತು. ಹನ್ನೊಂದು ಹೊಡೆದು ಹತ್ತು ನಿಮಿಷಕ್ಕೆ ಕೀ ತಿರುಗಿಸಿ ಕಿಕ್ ಹೊಡೆದೆ. ಒಂದೇ ಕಿಕ್! ಬೈಕು ಗುರ್ರೆಂದಿತು! "ನೋಡಿದ್ರಾ!" ಎಂದು ಹೊಂಬಾಳಮ್ಮನವರ ಕಿಟಕಿಯತ್ತ ಕೂಗಿದೆ. ಕೈಯ ಗ್ರೀಸ್ ತೊಳೆಯಲಿಲ್ಲ. ಅಂಗಿ ತಿರುವುಮುರುವಾಗಿ ತೊಟ್ಟಿದ್ದು ಗೊತ್ತಾಗಲಿಲ್ಲ. ಕುಣಿಗಲ್ ರಸ್ತೆಯಲ್ಲಿ ಎಲ್ಲೂ ನಿಲ್ಲಿಸದೆ, ಎಂಜಿನ್ ಆಫ್ ಮಾಡದೆ, ಎತ್ತಿನ ಗಾಡಿ, ಟ್ರ್ಯಾಕ್ಟರ್, ಮದುವೆ ದಿಬ್ಬಣದ ಬಸ್ಸು ಎಲ್ಲವನ್ನೂ ಹಿಂದೆ ಹಾಕಿ ಹಾರಿದೆ. ದಾರಿಯಲ್ಲೊಂದು ಕಡೆ ಹಳ್ಳಿ ತಪ್ಪಿ ಯಡಿಯೂರಿನವರೆಗೂ ಹೋಗಿ ವಾಪಸ್ ಬಂದೆ ಎಂಬುದನ್ನು ಸಂಧ್ಯಾಳಿಗೆ ಇನ್ನೂ ಹೇಳಿಲ್ಲ.

ಸ್ಕೂಲಿನ ಗೇಟಿನಲ್ಲಿ ಬೈಕ್ ನಿಲ್ಲಿಸಿದಾಗ ಒಂದಕ್ಕೆ ಐದು ನಿಮಿಷ. ಗೆದ್ದೆ! ಕೀ ತೆಗೆದು, ಹೆಲ್ಮೆಟ್ ಬಿಚ್ಚಿ, ತಲೆ ಬಾಚಿಕೊಂಡು, ಸೈಡ್ ಬಾಕ್ಸಿನ ಬೀಗಕ್ಕೆ ಕೀ ತಾಗಿಸಿದೆ.

ಹೊಸ ಡಬ್ಬಿ ಕೂಗಿತು. ಹಳೆಯದಕ್ಕಿಂತ ಗಂಟಲು ಚೆನ್ನಾಗಿತ್ತು!

ರಿಮೋಟ್ ಒತ್ತಿದೆ. ಇನ್ನೂ ಜೋರಾಗಿ ಕೂಗಿತು. ಸೈಡ್ ಬಾಕ್ಸ್ ಹಿಡಿದು ಎಳೆದಾಡಿದೆ. ಕೀ ಕೈಯ ಗ್ರೀಸಿಗೆ ಜಾರಿ ಕೆಳಗೆ ಬಿತ್ತು. ಎದುರಿನ ಟೀ ಅಂಗಡಿಯ ಬೆಂಚು ಖಾಲಿಯಾಯಿತು. ಗೇಟಿನಿಂದ ಖಾಕಿ ಅಂಗಿಯ ಜವಾನನೊಬ್ಬ ಓಡಿಬಂದ. ಅಡವಿಯಪ್ಪನೆಂದು ಅವನ ಹೆಸರು, ಹಿಡಿತ ಕಬ್ಬಿಣದ್ದು.

"ಏಯ್, ಬೀಗ ಮುರೀತಾವ್ನೆ ಕಣ್ರಪ್ಪೋ! ಯಾರ್ಲಾ ನೀನು?"

"ಬೈಕ್ ನಂದೇ ಕಣಪ್ಪಾ!"

"ನಿಂದೇ ಆದ್ರೆ ನೀನು ಮುಟ್ಟಿದ್ರೆ ಯಾಕ್ಲಾ ಹಂಗೆ ಬಡ್ಕೊಳ್ತೈತೆ? ಪೇಪರ್ ತೋರ್ಸು."

"ಪೇಪರೆಲ್ಲ ಆ ಬಾಕ್ಸಲ್ಲಿದೆ."

"ಆಹಾ! ಬಾಕ್ಸ್ ತೆಗೆಯಕ್ಕೆ ಐಡಿಯಾ ನೋಡಿ!" ಎಂದ ಟೀ ಅಂಗಡಿಯವನು.

"ನನ್ನ ಹೆಂಡ್ತಿ ಇದೇ ಸ್ಕೂಲಲ್ಲಿ ಟೀಚರು, ಸ್ವಾಮಿ!"

ಅಡವಿಯಪ್ಪನ ಹಿಡಿತ ಒಂದಿಷ್ಟು ಸಡಿಲವಾಯಿತು. "ಹೆಸ್ರು?"

"ಸಂಧ್ಯಾ."

"ಅಂಗನ್ನೋ ಮೇಡಮ್ಮು ನಮ್ ರಿಜಿಸ್ಟ್ರಲ್ಲೇ ಇಲ್ಲ!" ಎಂದು ಮತ್ತೆ ಬಿಗಿ ಮಾಡಿದ.

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ರಿಜಿಸ್ಟರಿನಲ್ಲಿ ಅವಳ ಹೆಸರು ಬರಬೇಕಾದರೆ ಫೈಲ್ ಬೇಕು. ಫೈಲ್ ತೆಗೆಯಬೇಕಾದರೆ ಅವನು ನನ್ನನ್ನು ಬಿಡಬೇಕು. ಅವನು ಬಿಡಬೇಕಾದರೆ ರಿಜಿಸ್ಟರಿನಲ್ಲಿ ಅವಳ ಹೆಸರಿರಬೇಕು! ಒಂದು ಗಂಟೆ ಹತ್ತು ನಿಮಿಷ. ಬೈಕು ಕೂಗುತ್ತಿತ್ತು. ನಾನೂ ಕೂಗುತ್ತಿದ್ದೆ. ಕ್ಲಾಸಿನ ಕಿಟಕಿಗಳಲ್ಲೆಲ್ಲ ಮಕ್ಕಳ ಮುಖಗಳು ಅಂಟಿಕೊಂಡಿದ್ದವು.

ಆಗ ಹೆಡ್ ಮಾಸ್ಟರ್ ಶಿವರಾಮಯ್ಯನವರು ಹೊರಗೆ ಬಂದರು. ಅವರ ಹಿಂದೆ, ಎರಡೂವರೆ ಗಂಟೆ ಕಾದು ಕೂತು ಮುಖ ಬಾಡಿಸಿಕೊಂಡ ನನ್ನ ಸಂಧ್ಯಾ. ಅವಳ ಕಣ್ಣುಗಳು ಕೆಂಪಾಗಿದ್ದವು. ಅವಳು ಅತ್ತಿದ್ದಾಳೆ ಎಂದು ಗೊತ್ತಾಗಿ ನಾನು ಕೂಗುವುದನ್ನು ನಿಲ್ಲಿಸಿದೆ.

"ಮೇಡಂ, ಇವರು ಗೊತ್ತಾ ನಿಮಗೆ?" ಹೆಡ್ ಮಾಸ್ಟರ್ ಕೇಳಿದರು.

ಅವಳು ನನ್ನ ಗ್ರೀಸ್ ಮುಖ ನೋಡಿದಳು. ತಿರುವಿ ತೊಟ್ಟ ಅಂಗಿ ನೋಡಿದಳು. ಉತ್ತರ ಕೊಡಲು ಅವಳು ತೆಗೆದುಕೊಂಡ ಸಮಯ ನನ್ನ ಆಯುಸ್ಸಿನಲ್ಲಿ ಒಂದು ವರ್ಷವನ್ನಾದರೂ ಕಳೆದಿರಬೇಕು.

"ಗೊತ್ತು ಸಾರ್, ನಮ್ಮ ಯಜಮಾನ್ರು. ಬೈಕೂ ಇವರದ್ದೇ. ಆದರೆ ಬೈಕಿಗೆ ಇವರು ಗೊತ್ತಿಲ್ಲ."

ಅಡವಿಯಪ್ಪ ಕೈ ಬಿಟ್ಟ. ಅವಳೇ ಕೀ ಹುಡುಕಿ, ಸೆರಗಿನಲ್ಲಿ ಒರೆಸಿ, ಆ ಚೀರಾಟದ ನಡುವೆಯೇ ಬಾಕ್ಸ್ ತೆಗೆದು ಫೈಲನ್ನು ಎದೆಗವಚಿಕೊಂಡು ಒಳಗೆ ಓಡಿದಳು. ಒಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ರಿಜಿಸ್ಟರಿನಲ್ಲಿ ಸಹಿ ಬಿತ್ತು. ನಾನು ಗೇಟಿನಲ್ಲೇ ನೆಲದ ಮೇಲೆ ಕೂತೆ. ಟೀ ಅಂಗಡಿಯವನು ಒಂದು ಲೋಟ ನೀರು ತಂದುಕೊಟ್ಟ. ಆದರೂ ನನ್ನ ಮೇಲೆ ಒಂದು ಕಣ್ಣಿಟ್ಟೇ ಇದ್ದ.

ಆದರೆ ಕೂಗು ನಿಲ್ಲಬೇಕಲ್ಲ! ಪಾಠ ಮಾಡುವಂತಿಲ್ಲ, ಮಾತಾಡುವಂತಿಲ್ಲ. ಸಂಧ್ಯಾ ಹೊರಗೆ ಬಂದಳು. ಕೈಯಲ್ಲಿ ಫೈಲಿಗೆ ಅಂಟಿಕೊಂಡು ಹೋಗಿದ್ದ ಸೂಚನೆಗಳ ಹಾಳೆ. ನಿಂತಲ್ಲೇ ಓದಿದಳು.

"ಹೊಸ ಡಬ್ಬಿ ಮೊದಲನೇ ಸಲ ಕೀ ತೆಗೆಯೋವರೆಗೂ ಮಲಗಿರತ್ತಂತೆ ರೀ, ಎದ್ದ ಮೇಲೆ ಅದಕ್ಕೆ ರಿಮೋಟಿನ ಪರಿಚಯ ಮಾಡಿಸ್ಬೇಕಂತೆ. ಕೀ ಹಾಕಿ ಐದು ಸಲ ಆನ್, ಆಫ್ ಮಾಡಿ. ಆಮೇಲೆ ರಿಮೋಟ್ ಒತ್ತಿ ಹಿಡ್ಕೊಳ್ಳಿ."

"ಅಷ್ಟೇನಾ?"

"ಅಷ್ಟೇ."

ನಾನು ಕೀ ತಿರುಗಿಸಿದೆ. "ಒಂದು" ಎಂದಳು ಸಂಧ್ಯಾ. ಕಿಟಕಿಗಳಿಂದ "ಎರಡು!" ಎಂದು ಇಡೀ ಸ್ಕೂಲು ಕೂಗಿತು. ಮೂರು! ನಾಲ್ಕು! ಅಡವಿಯಪ್ಪನೂ ಬೆರಳು ಮಡಿಸುತ್ತಿದ್ದ. ಐದು! ರಿಮೋಟ್ ಒತ್ತಿ ಹಿಡಿದೆ. ಬೈಕು ಒಂದು ಸಲ ಬಿಕ್ಕಿ, ಸುಮ್ಮನಾಯಿತು. ಮಕ್ಕಳು ಚಪ್ಪಾಳೆ ಹೊಡೆದರು.

ಶಿವರಾಮಯ್ಯನವರು ಕನ್ನಡಕ ಸರಿಪಡಿಸಿಕೊಂಡು ಹೇಳಿದರು: "ಮೇಡಂ, ಎಂಟನೇ ಕ್ಲಾಸ್ 'ಬಿ' ಸೆಕ್ಷನ್ ನಿಮಗೇ ಕೊಡ್ತೀನಿ. ಇದುವರೆಗೆ ಯಾರಿಗೂ ಆ ಸೆಕ್ಷನ್ ಸುಮ್ಮನಿರಿಸೋಕೆ ಆಗಿಲ್ಲ. ಇಂಥದ್ದನ್ನೇ ಸುಮ್ಮನಿರಿಸಿದೀರಿ ಅಂದ್ಮೇಲೆ ನಿಮಗೆ ಅದೇನು ದೊಡ್ಡದು!"

ಸಂಜೆ ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಕುಣಿಗಲ್ ದಾಟಿದರೂ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು.

"ಅಲ್ಲ ಕಣೇ, ಹೆಡ್ ಮಾಸ್ಟ್ರು 'ಇಂಥದ್ದನ್ನೇ ಸುಮ್ಮನಿರಿಸಿದೀರಿ' ಅಂದ್ರಲ್ಲ. ಬೈಕಿಗೆ ಹೇಳಿದ್ದೋ, ನನಗೆ ಹೇಳಿದ್ದೋ?"

ಅವಳು ನನ್ನ ಭುಜದ ಮೇಲೆ ಕೈಯಿಟ್ಟು, ಆ ದಿನ ಮೊದಲ ಸಲ ನಕ್ಕಳು.

"ಬೈಕಿಗೇ ಇರ್ಬೇಕು ರೀ. ಐದು ಸಲ ಹೇಳಿಕೊಟ್ರೆ ಕಲ್ತ್ಕೊಂಡಿದ್ದು ಅದೊಂದೇ."