ಕಲ್ಲಾಮೆಗೆ ತಡೆಯಾಜ್ಞೆ

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಗಣಿತ ಹೇಳಿ, ಎಂಟು ಚುನಾವಣೆಗಳಲ್ಲಿ ಡ್ಯೂಟಿ ಮಾಡಿ, ಒಂದು ಕೂದಲೂ ಕೊಂಕದೆ ನಿವೃತ್ತರಾದ ಧೀರ ವೆಂಕಟರಾಮಪ್ಪ ಮೇಷ್ಟ್ರನ್ನು ಕೊನೆಗೂ ನೆಲಕ್ಕೆ ಕೆಡವಿದ್ದು ಒಂದು ಆಮೆ. ಕೆರೆಯ ಆಮೆಯಲ್ಲ, ಮೊಬೈಲಿನೊಳಗಿನ ಆಮೆ. ಅದು ಅವರನ್ನು ಬಿಡದೆ ಏಳು ಶನಿವಾರ ಸೋಲಿಸಿತು. ಏಳು ಶನಿವಾರದ ಸೋಲೆಂದರೆ ಏಳು ಭಾನುವಾರದ ಅಡುಗೆ. ಏಕೆಂದರೆ ಶನಿವಾರದ ಆಟದಲ್ಲಿ ಸೋತವರು ಭಾನುವಾರ ಮುದ್ದೆ ತಿರುವಬೇಕೆಂಬುದು ಆ ಮನೆಯ ಕಾನೂನು.

(ಕಾನೂನು ಮಾಡಿದವರು ಯಾರೆಂದು ಕೇಳಬೇಡಿ. ಮೇಷ್ಟ್ರೇ ಮಾಡಿದರು. ಹೆಂಡತಿಗೆ ಮೊಬೈಲು ನೆಟ್ಟಗೆ ಹಿಡಿಯಲೂ ಬರುವುದಿಲ್ಲ ಎಂಬ ದೃಢವಾದ ನಂಬಿಕೆಯಿಂದ ಮಾಡಿದರು.)

ದೊಡ್ಡಬಳ್ಳಾಪುರದ ಆ ಮನೆಗೆ ಈ ಆಟವನ್ನು ತಂದವಳು ಮೊಮ್ಮಗಳು ಬಿಂದುಶ್ರೀ, ಡಿಗ್ರಿ ಎರಡನೆಯ ವರ್ಷದ ಹುಡುಗಿ. ಮಗ, ಸೊಸೆ ಇಬ್ಬರಿಗೂ ಭಾನುವಾರವೂ ಡ್ಯೂಟಿ. ಅಜ್ಜಿ ತಾತ ಟಿ.ವಿ. ರಿಮೋಟಿಗಾಗಿ ಕಿತ್ತಾಡುವುದನ್ನು ನೋಡಿ ಸಾಕಾಗಿ, ಇಬ್ಬರ ಮೊಬೈಲಿಗೂ 'ದೈತ್ಯಕಾಳಗ' ಎಂಬ ಆಟವನ್ನು ಹಾಕಿಕೊಟ್ಟಳು. ಕಿತ್ತಾಡುವುದೇ ಆದರೆ ನಿಯಮಬದ್ಧವಾಗಿ ಕಿತ್ತಾಡಲಿ ಎಂಬುದು ಅವಳ ಸದುದ್ದೇಶ.

ಆಟ ಸರಳ. ಐವತ್ತೆರಡು ದೈತ್ಯರಲ್ಲಿ ನಮಗೆ ಬೇಕಾದ ಒಬ್ಬನನ್ನು ಆರಿಸಿಕೊಳ್ಳಬೇಕು. ಒಂದು ಸರದಿ ನಮ್ಮದು, ಒಂದು ಸರದಿ ಎದುರಾಳಿಯದು. ಯಾರ ಪ್ರಾಣ ಮೊದಲು ಮುಗಿಯುತ್ತದೋ ಅವರು ಸೋತರು. ಮೇಷ್ಟ್ರು ಆರಿಸಿಕೊಂಡದ್ದು ಅಗ್ನಿಕೇಸರಿಯನ್ನು. ಬೆಂಕಿಯುಗುಳುವ ಸಿಂಹ, ಬಾಲದಲ್ಲೂ ಜ್ವಾಲೆ. ಹೆಂಡತಿ ವರಲಕ್ಷ್ಮಮ್ಮನವರು ಆರಿಸಿಕೊಂಡದ್ದು ಕಲ್ಲಾಮೆಯನ್ನು. ಯಾಕೆಂದರೆ, "ಪಾಪ, ಒಂದು ಮೂಲೇಲಿ ಕೂತಿತ್ತು."

ಆ ಪಾಪದ ಆಮೆ ಮಾಡುವುದು ಎರಡೇ ಕೆಲಸ. ಒಮ್ಮೆ ತಲೆ ಹೊರಹಾಕಿ ವಿಷ ಚಿಮ್ಮುತ್ತದೆ, ಆಮೇಲೆ ಚಿಪ್ಪಿನೊಳಗೆ ಕೂತುಬಿಡುತ್ತದೆ. ಚಿಪ್ಪಿನ ಮೇಲೆ ಸಿಂಹ ಎಷ್ಟು ಗುದ್ದಿದರೂ ಅದಕ್ಕೆ ನಾಟುವುದಿಲ್ಲ. ಇತ್ತ ವಿಷವೇರಿದ ಸಿಂಹ ಸರದಿಗಿಷ್ಟರಂತೆ ಸೊರಗುತ್ತ ಹೋಗುತ್ತದೆ. ವಿಷ ಇಳಿಯುವ ಹೊತ್ತಿಗೆ ಆಮೆ ಮತ್ತೊಮ್ಮೆ ತಲೆ ಹಾಕಿ, ಚಿಮ್ಮಿ, ಒಳಗೆ. ಇದೇ ಕಾಲಕ್ಕೆ ಸರಿಯಾಗಿ ಸಿಂಹ ಗುದ್ದಿ ಗುದ್ದಿ ಏದುಸಿರು ಬಿಡುತ್ತಿರುತ್ತದೆ. ಲೆಕ್ಕ ಬಲ್ಲ ಮೇಷ್ಟ್ರಿಗೆ ಅದರ ಅಂದ ಕಾಣದೆ ಇರಲಿಲ್ಲ. ಕಾಗದ ಪೆನ್ಸಿಲು ಮುಟ್ಟದೆ, ಅವರೆಕಾಯಿ ಬಿಡಿಸುತ್ತ, ಮೊಳಕೈಯಿಂದ ಗುಂಡಿ ಒತ್ತುವ ಈ ಹೆಂಗಸು ಒಂದು ಸರದಿಯನ್ನೂ ತಪ್ಪಿಸುವುದಿಲ್ಲವಲ್ಲ ಎಂದು ಒಳಗೊಳಗೇ ಬೆರಗಾಗುತ್ತಿದ್ದರು. ಬೆರಗನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಅವರಿಗೆ ನಲವತ್ತೆರಡು ವರ್ಷದ ದಾಂಪತ್ಯದಲ್ಲಿ ಬಂದಿರಲಿಲ್ಲ.

ಎಂಟನೆಯ ಶನಿವಾರ ಸಂಕಟ ಒದಗಿತು. ಮರುದಿನ ತ್ಯಾಮಗೊಂಡ್ಲಿನಿಂದ ಬೀಗರು ಬರುವವರಿದ್ದರು. ಬೀಗರಾದ ಅಪ್ಪಯ್ಯಣ್ಣನವರು ಮುದ್ದೆಯ ವಿಷಯದಲ್ಲಿ ಸುಪ್ರೀಂ ಕೋರ್ಟು. ಮುದ್ದೆಯನ್ನು ಮೊದಲು ಬೆರಳಿನಿಂದ ಒತ್ತಿ ನೋಡುತ್ತಾರೆ. ಒಂದು ಗಂಟು ಸಿಕ್ಕರೂ ಅದನ್ನು ತಟ್ಟೆಯ ಅಂಚಿನಲ್ಲಿಟ್ಟು ನಾಲ್ಕು ಊರಿಗೆ ಸುದ್ದಿ ಮಾಡುತ್ತಾರೆ. ಅಂಥವರ ಮುಂದೆ ತಮ್ಮ ಮುದ್ದೆಯೇ? ಈ ಸಲ ಸೋಲುವಂತಿಲ್ಲ. ಸೋಲದೆ ಇರಬೇಕಾದರೆ ಆಮೆ ಇರುವಂತಿಲ್ಲ.

ಮೇಷ್ಟ್ರು ಮಧ್ಯಾಹ್ನವೇ ಜಗಲಿಯಲ್ಲಿ ಸಭೆ ಕರೆದರು. ಅಧ್ಯಕ್ಷತೆ ಬಿಂದುಶ್ರೀಯದು. ಪಕ್ಕದ ಮನೆಯ ಅಬ್ದುಲ್ ರಜಾಕ್ ಮಗ್ಗ ನಿಲ್ಲಿಸಿ ಬಂದು ಮೆಟ್ಟಿಲ ಮೇಲೆ ಕುಳಿತರು.

"ಆಟ ಅಂದ್ಮೇಲೆ ಆಯ್ಕೆ ಇರ್ಬೇಕು" ಎಂದು ಮೇಷ್ಟ್ರು ಎದ್ದು ನಿಂತು ಆರಂಭಿಸಿದರು. "ಐವತ್ತೆರಡು ದೈತ್ಯರಿದ್ದಾರೆ. ಆಮೆ ಹಿಡಿದೋರೆಲ್ಲ ಗೆಲ್ಲೋದಾದ್ರೆ ಮಿಕ್ಕ ಐವತ್ತೊಂದು ಮಂದಿ ಸುಮ್ನೆ ಹಾಜರಿ ಹಾಕಿ ಸಂಬಳ ತಗೊಂಡ ಹಾಗಾಗ್ಲಿಲ್ವೆ? ಎದುರಾಳಿ ಏನು ಮಾಡಿದ್ರೂ ಸೋಲು ಅಂದ್ರೆ ಅದು ಆಟವಲ್ಲ, ಶಿಕ್ಷೆ. ಆದ್ದರಿಂದ ಕಲ್ಲಾಮೆಗೆ ಈ ಕ್ಷಣದಿಂದ ತಡೆಯಾಜ್ಞೆ ಹಾಕ್ಬೇಕು."

"ಗುದ್ದಿ ಗುದ್ದಿ ಅಂತ ನಾನೇನು ಕರೆದಿದ್ನೇನ್ರಿ?" ವರಲಕ್ಷ್ಮಮ್ಮ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ. "ಕಲ್ಲಿಗೆ ಗುದ್ದಿದ್ರೆ ಯಾರ ಕೈ ನೋಯುತ್ತೆ?"

"ಎದುರೆದುರು ಬಾ ಕಣೇ! ಚಿಪ್ಪೊಳಗೆ ಕೂತು ಕಾದಾಡೋದು ಒಂದು ವೀರತನವೆ?"

"ನೀವು ಎದುರೆದುರು ಬಂದು ಏಳು ವಾರದಿಂದ ಏನು ಸಾಧಿಸಿದ್ರಿ?"

ರಜಾಕ್ ಗಂಟಲು ಸರಿಮಾಡಿಕೊಂಡರು. "ತಪ್ಪು ತಿಳೀಬೇಡಿ ಮೇಷ್ಟ್ರೇ. ನನ್ನ ಮಗ್ಗದಲ್ಲಿ ಎಳೆ ಕಿತ್ತೋಗ್ತಾನೇ ಇದ್ರೆ ನಾನು ಮಗ್ಗಕ್ಕೆ ತಡೆ ಹಾಕ್ತೀನಾ? ನೇಯೋನ ಕೈ ನೋಡ್ತೀನಿ. ಆಮೆ ಬಲವೋ, ಅಕ್ಕನ ಬಲವೋ, ಮೊದ್ಲು ಅದು ಗೊತ್ತಾಗ್ಲಿ."

"ನೀನು ಯಾರ ಕಡೆಯಪ್ಪಾ?"

"ನಾಳೆ ಊಟಕ್ಕೆ ಕರೆದಿದ್ದೀರಲ್ಲ, ನಾನು ಊಟದ ಕಡೆ."

ಬಿಂದುಶ್ರೀ ಮೇಜು ಕುಟ್ಟಲು ಮೇಜಿಲ್ಲದ್ದರಿಂದ ಮೊರವನ್ನು ಕುಟ್ಟಿದಳು. "ತಾತ, ಆನ್‌ಲೈನಲ್ಲೂ ಆಟಗಾರರು ಹೀಗೇ ಕಿತ್ತಾಡ್ತಾರೆ. ತಡೆ ಹಾಕೋಕ್ಕೆ ಮುಂಚೆ ಒಂದು ಪರೀಕ್ಷೆ ಮಾಡ್ತಾರೆ. ಆಮೆ ಅಷ್ಟು ಅನ್ಯಾಯದ್ದಾಗಿದ್ರೆ ಯಾರ ಕೈಲಿದ್ರೂ ಗೆಲ್ಬೇಕು, ಅಲ್ವಾ? ಇವತ್ತು ಆಮೆ ನಿಮಗೆ, ಸಿಂಹ ಅಜ್ಜಿಗೆ. ನೀವು ಗೆದ್ರೆ ಆಮೆಗೆ ತಡೆ, ನಾಳೆ ಅಡುಗೆ ಅಜ್ಜೀದು. ಅಜ್ಜಿ ಗೆದ್ರೆ ಆಮೆ ನಿರಪರಾಧಿ, ಬೀಗರ ಮುದ್ದೆ ನಿಮ್ದು."

ಮೇಷ್ಟ್ರಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಸೋಲೇ ಇಲ್ಲದ ಆಮೆ ತಮ್ಮ ಕೈಗೇ ಬರುತ್ತಿದೆ! "ಪರೀಕ್ಷೆ ಅಂದ್ರೆ ನಂಗೇನು ಭಯವೆ? ಇಡೀ ಜೀವಮಾನ ಪರೀಕ್ಷೆ ಮಾಡಿದೋನು" ಎಂದು ಒಪ್ಪಿಬಿಟ್ಟರು.

ಆಟ ಆರಂಭವಾಯಿತು. ಮೇಷ್ಟ್ರ ಆಮೆ ತಲೆ ಹಾಕಿ ವಿಷ ಚಿಮ್ಮಿ ಒಳಗೆ ಹೋಯಿತು. ಸಿಂಹ ಸುಮ್ಮನಿತ್ತು. ಎರಡನೆಯ ಸರದಿಯಲ್ಲೂ ಸುಮ್ಮನಿತ್ತು. ಮೂರನೆಯದರಲ್ಲೂ ಸುಮ್ಮನಿತ್ತು. ವರಲಕ್ಷ್ಮಮ್ಮ ಅವರೆಕಾಯಿ ಬಿಡಿಸುತ್ತಲೇ ಇದ್ದರು. ಅವರ ಸಿಂಹದ ಪ್ರಾಣ ಮಾತ್ರ ಇಳಿಯುತ್ತಿತ್ತು.

"ಹೊಡಿಯೇ, ಏನಾದ್ರೂ ಮಾಡೇ" ಎಂದರು ಮೇಷ್ಟ್ರು, ಗೆಲ್ಲುವವರ ಔದಾರ್ಯದಿಂದ.

ವರಲಕ್ಷ್ಮಮ್ಮ ಕನ್ನಡಕವನ್ನು ಮೇಲಕ್ಕೆ ಸರಿಸಿ ಮೊಬೈಲನ್ನು ಹತ್ತಿರಕ್ಕೆ ತಂದುಕೊಂಡರು. "ರೀ, ಇಲ್ಲೊಂದು ಕೆಂಪು ಗುಂಡಿ ಮಿಣಕ್ ಮಿಣಕ್ ಅಂತಿದ್ಯಲ್ಲ, ಏನದು?"

ಇಲ್ಲಿಗೆ ಮೇಷ್ಟ್ರು ಆಟಗಾರರಾಗಿ ಉಳಿಯಲಿಲ್ಲ. ಮೂವತ್ತನಾಲ್ಕು ವರ್ಷ ಯಾರಾದರೂ ಕೈಯೆತ್ತಿ ಕೇಳಿದರೆ ಸಾಕು, ಗಂಟೆ ಹೊಡೆದರೂ ಬಿಡದೆ ಹೇಳಿಕೊಟ್ಟ ಜೀವ ಅದು. ಏಳು ವಾರ ಗುದ್ದುವ ಅವಸರದಲ್ಲಿ ಆ ಗುಂಡಿಯನ್ನು ಒಮ್ಮೆಯೂ ಕಾಣದಿದ್ದರೂ, ಅದರ ಬಗ್ಗೆ ನಿಯಮಗಳ ಪುಟದಲ್ಲಿ ಓದಿ ಕಂಠಪಾಠ ಮಾಡಿದ್ದರು.

"ಅದು ಮಹಾಗರ್ಜನೆ. ಮೂರು ಸರದಿ ಸುಮ್ನಿದ್ದು ಶಕ್ತಿ ಕೂಡಿಟ್ರೆ ಬರುತ್ತೆ. ಆಮೆ ಚಿಪ್ಪೊಳಗಿರೋವಾಗ ಒತ್ಬೇಡ, ದಂಡ. ತಲೆ ಹೊರಗಿದ್ದಾಗ ಒತ್ತಿದ್ರೆ ಒಂದೇ ಏಟು!"

"ತಲೆ ಹೊರಗಿರೋದು ನಂಗೆ ಹ್ಯಾಗೆ ಗೊತ್ತಾಗ್ಬೇಕು? ಕಣ್ಣು ಬೇರೆ ಮಂಜು."

"ಅಯ್ಯೋ, ಅಷ್ಟೂ ತಿಳಿಯೋದಿಲ್ವೆ? ಇಗೋ ನೋಡು, ಹೀಗೆ..." ಎಂದು ಮೇಷ್ಟ್ರು ತಮ್ಮ ಆಮೆಯ ತಲೆಯನ್ನು ಹೊರಹಾಕಿಸಿ, ಮೊಬೈಲನ್ನು ಹೆಂಡತಿಯ ಕಣ್ಣಿಗೆ ಕಾಣುವಂತೆ ತಿರುಗಿಸಿ ಹಿಡಿದರು.

ವರಲಕ್ಷ್ಮಮ್ಮ ಒತ್ತಿದರು.

ಗರ್ಜನೆಗೆ ಜಗಲಿಯ ಮೇಲಿದ್ದ ಗುಬ್ಬಿಗಳು ಹಾರಿಹೋದವು. ಕಲ್ಲಾಮೆ ಅಂಗಾತ ಬಿದ್ದು ನಾಲ್ಕು ಕಾಲೂ ಆಡಿಸಿ ಸುಮ್ಮನಾಯಿತು.

"ಹಿಂಗೇ ಅಲ್ವೇನ್ರಿ?" ಎಂದರು ವರಲಕ್ಷ್ಮಮ್ಮ.

ರಜಾಕ್ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ಬಾಗಿದ್ದರು. ಬಿಂದುಶ್ರೀ ಮೊರ ಕುಟ್ಟಿ ತೀರ್ಪು ಕೊಟ್ಟಳು: "ಆಮೆಗೆ ತಡೆ ಇಲ್ಲ. ತಾತನಿಗಿದೆ. ಇನ್ಮೇಲೆ ಆಟದ ಮಧ್ಯೆ ತಾತ ಪಾಠ ಮಾಡೋ ಹಾಗಿಲ್ಲ!"

ಮೇಷ್ಟ್ರಿಗೆ ಕೋಪ ಬರಬೇಕಿತ್ತು. ಬಂದದ್ದು ಬೇರೆಯೇ. "ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೀನೋ ರಜಾಕ್! ಒಂದೇ ಸಲಕ್ಕೆ ಅರ್ಥ ಮಾಡಿಕೊಂಡು, ಅಲ್ಲೇ ಲೆಕ್ಕ ಮಾಡಿ ತೋರಿಸಿದೋರು ಇವಳೊಬ್ಬಳೇ ಕಣಯ್ಯಾ" ಎಂದು ನಲವತ್ತೆರಡು ವರ್ಷದ ಬೆರಗು ಬಾಯಿಂದ ಜಾರಿಬಿತ್ತು. ವರಲಕ್ಷ್ಮಮ್ಮ ಮೊದಲ ಬಾರಿಗೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ಆಮೇಲೆ, "ನಾಳೆ ಎಸರಿಗೆ ಬೇಗ ಇಡಿ" ಎಂದರು.

ಭಾನುವಾರ ಬೀಗರು ಬಂದರು. ಮೇಷ್ಟ್ರು ದೇವರಿಗೆ ಕೈಮುಗಿದು ಕೋಲು ಹಿಡಿದರು. ಏಳು ವಾರದ ಅಭ್ಯಾಸವೋ, ಸೋತವನ ಹಟವೋ, ಬೆವರು ಸುರಿಸಿ ತಿರುವಿದರು. ಅಪ್ಪಯ್ಯಣ್ಣನವರು ಎಲೆಯ ಮುಂದೆ ಕುಳಿತು ಮುದ್ದೆಯನ್ನು ಬೆರಳಿನಿಂದ ಒತ್ತಿದರು. ಇನ್ನೊಂದು ಕಡೆ ಒತ್ತಿದರು. ಮುರಿದು, ಹಿದುಕಿದ ಬೇಳೆ ಸಾರಿನಲ್ಲಿ ಅದ್ದಿ, ನುಂಗಿ, ಕಣ್ಣು ಮುಚ್ಚಿದರು. ಮೇಷ್ಟ್ರು ಸೌಟು ಹಿಡಿದು ಎಲೆಯ ಅಂಚನ್ನೇ ನೋಡುತ್ತಿದ್ದರು.

"ಒಂದು ಗಂಟಿಲ್ಲ!" ಅಪ್ಪಯ್ಯಣ್ಣ ಕಣ್ಣು ತೆರೆದರು. "ಬೀಗ್ರೇ, ನಮ್ಮ ಹೋಬಳೀಲೇ ಇಂಥ ಮುದ್ದೆ ಇಲ್ಲ. ಇನ್ಮೇಲೆ ತಿಂಗಳಿಗೆರಡು ಭಾನುವಾರ ನಾವು ಇಲ್ಲೇ."

ಅವರ ಹೆಂಡತಿ ಮುನಿಗಂಗಮ್ಮ ಗಂಡನ ಕಡೆ ನೋಡಿ, "ನೋಡಿ ಕಲ್ತ್ಕೊಳ್ಳಿ" ಎಂದರು. ಮೇಷ್ಟ್ರ ಎದೆ ಒಂದು ಗೇಣು ಉಬ್ಬಿತು.

"ಹಾಗಾದ್ರೆ ಇನ್ನು ಶನಿವಾರ ಪಂದ್ಯ ಯಾಕಜ್ಜಿ?" ಎಂದಳು ಬಿಂದುಶ್ರೀ. "ತಾತನ ಮುದ್ದೆ ಮುಂದೆ ಯಾರ ಮುದ್ದೆ ನಿಲ್ಲುತ್ತೆ? ಭಾನುವಾರದ ಅಡುಗೆಮನೆ ಪೂರ್ತಿ ತಾತಂದೇ."

ಉಬ್ಬಿದ ಎದೆ ಹಾಗೆಯೇ ಇಳಿಯಿತು. "ಏ, ಅದೆಂಥ ನ್ಯಾಯ! ಒಬ್ಬನದೇ ಸದಾ ಮೇಲಾದ್ರೆ ಮಿಕ್ಕೋರಿಗೆ ಅವಕಾಶ ಎಲ್ಲಿ? ಇಂಥ ಮುದ್ದೆಗೆ ಒಂದು ತಡೆ ಬೇಡವೆ?"

"ಸುಮ್ಸುಮ್ನೆ ತಡೆ ಹಾಕೋಕ್ಕಾಗುತ್ತೇನ್ರಿ? ಪರೀಕ್ಷೆ ಆಗ್ಬೇಡ್ವೇ?" ಎಂದರು ವರಲಕ್ಷ್ಮಮ್ಮ, ಎಲೆಯ ಮೇಲಿನ ಮುದ್ದೆಯನ್ನು ಮೆಚ್ಚಿ ನೋಡುತ್ತ. "ಇನ್ನೊಂದು ವರ್ಷ ನೀವೇ ತಿರುವಿ. ಆಮೇಲೆ ಸಭೆ ಸೇರಿಸಿ ವಿಚಾರ ಮಾಡೋಣ."

ಮೇಷ್ಟ್ರು ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಸಾಲಿನ ಆ ತುದಿಯಿಂದ ಅಬ್ದುಲ್ ರಜಾಕ್ ಕೂಗಿದರು: "ಮೇಷ್ಟ್ರೇ, ಇಲ್ಲೊಂದು ಮುದ್ದೆ!"