ಫೋಟೋದಲ್ಲಿಲ್ಲದ ಗಂಡ

ವೀಸಾ ಕಚೇರಿಯಿಂದ ಬಂದ ಸಂದೇಶ ಓದಿ ಫೋಟೋಗ್ರಾಫರ್ ನಕ್ಕುಬಿಟ್ಟ. ನಗಬಾರದಿತ್ತು. ಆದರೆ ಪಾಪ, ಮುಂದಿನದು ಅವನಿಗೇನು ಗೊತ್ತು?

ಅವನ ಹೆಂಡತಿ ದೂರದ ದೇಶದ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆಗೆ ಸೇರಿ ಎಂಟು ತಿಂಗಳಾಗಿತ್ತು. ಓದು ಮುಗಿಯಲು ಇನ್ನೂ ವರ್ಷಗಳೇ ಬೇಕು. ವಿದ್ಯಾರ್ಥಿಯ ಅವಲಂಬಿತ ಎಂಬ ಲೆಕ್ಕದಲ್ಲಿ ಗಂಡನೂ ಅಲ್ಲಿಗೆ ಹೋಗಿ ಇರಬಹುದು ಎಂದು ತಿಳಿದ ದಿನವೇ ಅವನು ಅರ್ಜಿ ಹಾಕಿದ್ದ. ಮದುವೆ ನೋಂದಣಿ ಪತ್ರ, ಬ್ಯಾಂಕಿನ ಕಾಗದ, ಎದೆಯ ಎಕ್ಸ್‌ರೇ, ಎಲ್ಲ ಕೊಟ್ಟಾಗಿತ್ತು. ವೀಸಾ ಬಂದೇ ಬರುತ್ತದೆಂದು ಸ್ಟುಡಿಯೋದ ಬಾಗಿಲು ಮುಚ್ಚಿ, ಬೋರ್ಡು ಇಳಿಸಿ, ಬೀದಿಗೆಲ್ಲ ‘ಹೋಗಿ ಬರ್ತೀನಿ’ ಎಂದು ಹೇಳಿಯೂ ಆಗಿತ್ತು.

ಈಗ ಕಚೇರಿಯವರು ಕೇಳಿದ್ದು ಇನ್ನೊಂದೇ ಒಂದು: ‘ನೀವಿಬ್ಬರೂ ಗಂಡ ಹೆಂಡತಿಯಾಗಿ ಬಾಳಿದ್ದೀರಿ ಎಂಬುದಕ್ಕೆ, ಜೊತೆಯಲ್ಲಿರುವ ಫೋಟೋಗಳನ್ನು ಇಂದು ಕಚೇರಿ ಮುಚ್ಚುವುದರೊಳಗೆ ಖುದ್ದಾಗಿ ತರುವುದು. ತಪ್ಪಿದರೆ ಅರ್ಜಿ ತಿರಸ್ಕರಿಸಲಾಗುವುದು.’

“ಫೋಟೋ ಅಂತೆ, ಫೋಟೋ! ಕೇಳಿ ಕೇಳಿ ನನ್ನ ಹತ್ರ ಕೇಳ್ತಾರಲ್ಲ!” ಎಂದು ಗೋಡೆಗೆ ಹೇಳಿ, ಕಾಫಿ ಕುಡಿದು, ನಿಧಾನವಾಗಿ ಕಂಪ್ಯೂಟರಿನ ಮುಂದೆ ಕೂತ.

ಮೊದಲು ತೆರೆದದ್ದು ಮದುವೆಯ ಫೋಟೋಗಳನ್ನು. ರಿಜಿಸ್ಟ್ರಾರ್ ಮುಂದೆ ಕೂತು ಹೆಂಡತಿ ಸಹಿ ಹಾಕುತ್ತಿದ್ದಾಳೆ. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಮುಂದಿನದರಲ್ಲಿ ಹೆಂಡತಿ ನಗುತ್ತಿದ್ದಾಳೆ, ಪಕ್ಕದಲ್ಲಿ ಅದೇ ಕುರ್ಚಿ. ಅವನು ಮೌಸಿನ ಗುಂಡಿ ಒತ್ತುತ್ತಾ ಹೋದ. ಹೆಂಡತಿ ಬಂದಳು, ಅವಳ ಅಣ್ಣ ಬಂದ, ರಿಜಿಸ್ಟ್ರಾರ್ ಬಂದರು, ಬಾಗಿಲು ಕಾಯುವವನೂ ಬಂದ. ಗಂಡ ಮಾತ್ರ ಬರಲಿಲ್ಲ. ಕುರ್ಚಿ ಒಂದರಲ್ಲೂ ತಪ್ಪಿಸಿಕೊಂಡಿರಲಿಲ್ಲ. ಗೊತ್ತಿಲ್ಲದವರು ನೋಡಿದರೆ ಅವಳು ಕುರ್ಚಿಯನ್ನೇ ಮದುವೆಯಾದಳು ಅಂದುಕೊಳ್ಳಬೇಕು.

ಆಗ ನೆನಪಾಯಿತು. ತನ್ನ ಮದುವೆಯ ಫೋಟೋವನ್ನು ಬೇರೆ ಯಾರೋ ತೆಗೆದು ಹಾಳುಮಾಡುತ್ತಾರೆಂದು ಅವನು ಕ್ಯಾಮರಾ ಯಾರ ಕೈಗೂ ಕೊಟ್ಟಿರಲಿಲ್ಲ. ತನ್ನ ಸಹಿ ಹಾಕುವಷ್ಟು ಹೊತ್ತು ಕೂತು, ಎದ್ದು ಓಡಿ ಬಂದು ಕ್ಲಿಕ್ಕಿಸಿದ್ದ. ಕ್ಯಾಮರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅದರ ಪಾಡಿಗೆ ಬಿಡುವುದೆಂದರೆ ಅವನಿಗೆ ಆಗದು. “ಕಣ್ಣಿಟ್ಟು ತೆಗೀದೇ ಇದ್ದದ್ದು ಫೋಟೋನೇ ಅಲ್ಲ” ಎನ್ನುವ ಜಾತಿ.

ಮದುವೆಯಾದ ಮೇಲಿನ ಆರು ವರ್ಷಗಳನ್ನೂ ಜಾಲಾಡಿದ. ಸಮುದ್ರದ ಮುಂದೆ ಹೆಂಡತಿ. ಬಾಲ್ಕನಿಯಲ್ಲಿ ಹೆಂಡತಿ. ಆಸ್ಪತ್ರೆಯಲ್ಲಿ ಕಾಲಿಗೆ ಬ್ಯಾಂಡೇಜು ಕಟ್ಟಿಸಿಕೊಂಡ ಹೆಂಡತಿ. ಸಾವಿರಾರು ಫೋಟೋಗಳಲ್ಲಿ ಅವನ ಒಂದು ಬೆರಳೂ ಇಲ್ಲ. ಊರಿನ ಗಂಡ ಹೆಂಡಿರನ್ನೆಲ್ಲ ಚೌಕಟ್ಟಿನೊಳಗೆ ಕೂರಿಸಿದವನು ತಾನೇ ಹೊರಗುಳಿದಿದ್ದ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಹೆಂಡತಿಗೆ ಫೋನ್ ಮಾಡಿದ.

“ನಿನ್ನ ಫೋನಲ್ಲಿ ನಾವಿಬ್ರೂ ಇರೋ ಒಂದಾದ್ರೂ ಫೋಟೋ ಇದೆಯೇನೇ?”

“ಎಲ್ಲಿಂದ ಬರುತ್ತೆ? ಮನೇಲೇ ಫೋಟೋಗ್ರಾಫರ್ ಇರುವಾಗ ನಾನ್ಯಾಕೆ ತೆಗೀಲಿ? ನೀವೂ ಬಂದು ನಿಂತ್ಕೊಳ್ರೀ, ಬಂದು ನಿಂತ್ಕೊಳ್ರೀ ಅಂತ ಪ್ರತಿ ಸಲ ಬಡ್ಕೊಂಡೆ. ಕೇಳಿದ್ರಾ?”

“ವಿಡಿಯೋ ಕಾಲ್ ಮಾಡಿದಾಗ ಸ್ಕ್ರೀನ್‌ಶಾಟ್ ಹಿಡಿದಿಟ್ಟಿದ್ದು?”

“ವಿಡಿಯೋ ಕಾಲಲ್ಲಿ ನಿಮ್ಮ ಮುಖ ಯಾವತ್ತು ತೋರಿಸಿದ್ದೀರಿ? ಬೀದಿ ತೋರಿಸ್ತೀರಿ, ಬೆಕ್ಕು ತೋರಿಸ್ತೀರಿ, ಬೆಳಕು ಎಷ್ಟು ಚೆನ್ನಾಗಿದೆ ನೋಡು ಅಂತೀರಿ!” ಆಮೇಲೆ ಅವಳ ದನಿ ಸಣ್ಣಗಾಯಿತು. “ರೀ, ಏನಾದ್ರೂ ಮಾಡಿ. ಇಲ್ಲಿ ಒಬ್ಬಳೇ ಕೂತು ಊಟ ಮಾಡಿ ಮಾಡಿ ಸಾಕಾಗಿದೆ.”

ಅವಳಿಲ್ಲದ ಮನೆಯಲ್ಲಿ ಅವನಿಗೂ ಸಾಕುಸಾಕಾಗಿತ್ತು. ಅವಳ ಬೈಗುಳ ಕೇಳಿಸದೆ ಬೆಳಗಾದದ್ದೇ ತಿಳಿಯುತ್ತಿರಲಿಲ್ಲ. ಎದ್ದು ಬಾಗಿಲು ತೆರೆದರೆ ಅಲ್ಲಿ ಸಲಹೆ ಮಾಮ ನಿಂತಿದ್ದರು.

ಸಲಹೆ ಮಾಮ ಎಂದರೆ ಪಕ್ಕದ ಮನೆಯ ನಿವೃತ್ತ ಗುಮಾಸ್ತರು. ಕೇಳಿದರೆ ಒಂದು ಸಲಹೆ, ಕೇಳದಿದ್ದರೆ ಎರಡು.

“ಎಲ್ಲಾ ಕೇಳಿಸ್ಕೊಂಡೆ ಕಣಯ್ಯಾ. ಗೋಡೆ ತೆಳು. ನೀನೇನೂ ಹೆದರ್ಬೇಡ. ಬೀದಿಯವರ ಹತ್ರ ನಿಮ್ಮಿಬ್ಬರ ಫೋಟೋ ಇದ್ದೇ ಇರುತ್ತೆ. ನಾನಿದ್ದೀನಲ್ಲ!”

ಅವರು ‘ನಾನಿದ್ದೀನಲ್ಲ’ ಎಂದಾಗಲೆಲ್ಲ ಯಾರಿಗಾದರೂ ಏನಾದರೂ ಆಗುತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಟೈಲರಕ್ಕನ ಅಂಗಡಿಯಲ್ಲಿ ಅರ್ಧ ಬೀದಿ ಸೇರಿತು. ಆಲ್ಬಮ್ಮುಗಳು ಬಂದವು, ಫೋನುಗಳು ಬಂದವು. ಎಲ್ಲರೂ ಹುಡುಕಿದ್ದೇ ಹುಡುಕಿದ್ದು. ಒಬ್ಬರ ಫೋನಿನಲ್ಲಿ ಅವನ ಬೆನ್ನು ಸಿಕ್ಕಿತು. ಇನ್ನೊಬ್ಬರದರಲ್ಲಿ ಮೊಣಕೈ. ಆಮೇಲೆ ಟೈಲರಕ್ಕ ತನ್ನ ಮದುವೆಯ ಆಲ್ಬಮ್ ತೆರೆದು ‘ಅಯ್ಯಯ್ಯೋ’ ಎಂದು ಮೂಗಿನ ಮೇಲೆ ಬೆರಳಿಟ್ಟಳು.

“ತಮ್ಮಾ, ನೀನಿಲ್ಲಿದ್ದೀಯಲ್ಲೋ! ನನ್ನ ಗದ್ದ ಹಿಡ್ಕೊಂಡು ನಿಂತಿದ್ದೀಯ!”

“ಬೆಳಕಿಗೆ ಮುಖ ತಿರುಗಿಸ್ತಾ ಇದ್ದೆ ಅಕ್ಕ. ಯಾವನೋ ನೆಂಟ ಆಗಲೇ ಕ್ಲಿಕ್ ಮಾಡಿದ್ದಾನೆ.”

ಅಷ್ಟಕ್ಕೇ ಮುಗಿಯಲಿಲ್ಲ. ಉಳಿದ ಆಲ್ಬಮ್ಮುಗಳಲ್ಲೂ ಯಾರೋ ಒಬ್ಬ ನೆಂಟ ತನ್ನ ಕೈಚಳಕ ತೋರಿಸಿದ್ದ. ಒಂದರಲ್ಲಿ ಫೋಟೋಗ್ರಾಫರ್ ಮದುಮಗಳ ಕೂದಲು ಸರಿಮಾಡುತ್ತಿದ್ದಾನೆ. ಇನ್ನೊಂದರಲ್ಲಿ ಮದುಮಗಳ ಭುಜ ಹಿಡಿದು ‘ಹೀಗೆ ನಿಲ್ಲಿ’ ಎನ್ನುತ್ತಿದ್ದಾನೆ. ಬೀದಿಯ ಹೆಂಡಂದಿರೆಲ್ಲರ ಜೊತೆಗೂ ಇದ್ದಾನೆ, ತನ್ನವಳ ಜೊತೆಗೆ ಮಾತ್ರ ಇಲ್ಲ. ಗಂಡಂದಿರು ಅವನನ್ನು ನೋಡುವ ನೋಟವೇ ಬದಲಾಯಿತು.

“ಮೆಸೇಜುಗಳನ್ನ ಕೊಡೋಣ. ಗಂಡ ಹೆಂಡತಿ ಮಾತಾಡ್ಕೊಂಡಿರ್ತೀರಲ್ಲ” ಎಂದರು ಸಲಹೆ ಮಾಮ. ಫೋನ್ ಕಸಿದುಕೊಂಡು ಗಟ್ಟಿಯಾಗಿಯೇ ಓದಿದರು. “‘ಇವತ್ತು ಹಿಮ ಬಿತ್ತು ಗೊತ್ತಾ? ನಿಮ್ಮ ನೆನಪಾಯ್ತು. ಊಟ ಆಯ್ತಾ? ಔಷಧಿ ತಗೊಂಡ್ರಾ?’ ಅದಕ್ಕೆ ನೀನು... ‘ಹೂಂ’. ‘ಯಾಕೆ ಬರೀ ಹೂಂ ಅಂತೀರಿ? ಕೋಪಾನಾ?’ ಅದಕ್ಕೆ... ‘ಊಹೂಂ’.” ಅವರು ಫೋನ್ ಕೆಳಗಿಟ್ಟರು. “ಇದನ್ನ ಕೊಟ್ರೆ ಇರೋ ಮದುವೇನೂ ರದ್ದು ಮಾಡ್ತಾರೆ ಕಣಯ್ಯಾ.”

ಎಲ್ಲರಿಗೂ ಒಟ್ಟಿಗೇ ಹೊಳೆಯಿತು: ಅವನಿಗೆ ಕಂಪ್ಯೂಟರಿನಲ್ಲಿ ಫೋಟೋ ತಿದ್ದಲು ಬರುತ್ತದಲ್ಲ, ಆ ಖಾಲಿ ಕುರ್ಚಿಯ ಮೇಲೆ ತನ್ನನ್ನೇ ಕೂರಿಸಿಕೊಂಡರಾಯಿತು! ಅವನು ಬೇಡ ಬೇಡವೆಂದರೂ ದೂಡಿಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಆದರೆ ಅಂಟಿಸಲು ಅವನ ಮುಖ ಬೇಕಲ್ಲ? ನೆಟ್ಟಗೆ ಕಾಣುವಂತೆ ಇದ್ದದ್ದು ಪಾಸ್‌ಪೋರ್ಟಿನದ್ದೊಂದೇ. ಕಳ್ಳನನ್ನು ಆಗ ತಾನೇ ಹಿಡಿದು ತಂದಂಥ ಆ ಮುಖ ಮದುವೆಯ ಕುರ್ಚಿಯ ಮೇಲೆ ಬಂತು, ಸಮುದ್ರದ ಮುಂದೆ ಬಂತು, ಆಸ್ಪತ್ರೆಯ ಮಂಚದ ಪಕ್ಕದಲ್ಲೂ ಕಣ್ಣು ಪಿಳಿಕಿಸದೆ ಬಂದು ನಿಂತಿತು.

“ಬೊಂಬಾಟ್!” ಎಂದರು ಸಲಹೆ ಮಾಮ.

ಫೋಟೋಗ್ರಾಫರಿಗೆ ತನ್ನ ಮುಖ ನೋಡಿ ತನಗೇ ಭಯವಾಯಿತು. ಸುಳ್ಳು ದಾಖಲೆ ಕೊಟ್ಟವರಿಗೆ ಆ ದೇಶದ ಬಾಗಿಲು ಮತ್ತೆ ತೆರೆಯುವುದಿಲ್ಲವೆಂದು ಅರ್ಜಿಯಲ್ಲೇ ದಪ್ಪಕ್ಷರದಲ್ಲಿ ಬರೆದಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳ ಪಕ್ಕದಲ್ಲಿ ನಿಜವಾಗಿ ಇದ್ದವನು ಸುಳ್ಳಿಗೆ ಇದ್ದಂತೆ ಕಾಣುತ್ತಿದ್ದುದು ಅವನಿಗೆ ಸಹಿಸಲಾಗಲಿಲ್ಲ. ಎಲ್ಲವನ್ನೂ ಅಳಿಸಿಹಾಕಿದ. ಹೆಂಡತಿ ಒಬ್ಬಳೇ ಇರುವ ಫೋಟೋಗಳನ್ನೇ ಒಂದಷ್ಟು ಅಚ್ಚು ಹಾಕಿ, “ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಅವರೂ ಮನುಷ್ಯರೇ ತಾನೇ?” ಎಂದ.

“ಸರಿ ಬಿಡು. ಬಟ್ಟೆ ಬದಲಾಯಿಸ್ಕೊಂಡು ಬಾ, ಕವರ್ ನಾನು ಕಟ್ಟಿಡ್ತೀನಿ” ಎಂದರು ಮಾಮ. ಅವನು ಬರುವಷ್ಟರಲ್ಲಿ ಕವರು ತುಂಬು ಬಸುರಿಯಂತಾಗಿತ್ತು. ತೆರೆದು ನೋಡಲು ಹೊತ್ತಿರಲಿಲ್ಲ. ಬಸ್ಸು ಬಂದೇಬಿಟ್ಟಿತು.

ವೀಸಾ ಕಚೇರಿಯಲ್ಲಿ ಅವನ ಸರದಿ ಬಂದಾಗ ಗೋಡೆಯ ಪಕ್ಕದ ಕುರ್ಚಿಗಳೆಲ್ಲ ಖಾಲಿಯಾಗಿದ್ದವು. ಗಾಜಿನ ಕೋಣೆಯೊಳಗೆ ಕನ್ನಡಕದ ಅಧಿಕಾರಿಯೊಬ್ಬರು ಕವರನ್ನು ಮೇಜಿನ ಮೇಲೆ ಸುರಿದರು. ಮೊದಲು ಬಿದ್ದದ್ದು ಟೈಲರಕ್ಕನ ಗದ್ದ. ಅದರ ಮೇಲೆ ಇನ್ನೊಬ್ಬ ಮದುಮಗಳ ಕೂದಲು. ಅದರ ಮೇಲೆ ಮತ್ತೊಬ್ಬಳ ಭುಜ.

ಫೋಟೋಗ್ರಾಫರ್ ಹೌಹಾರಿದ. ಕವರ್ ದಪ್ಪಗಿದ್ದರೆ ಕೆಲಸ ಬೇಗ ಆಗುತ್ತದೆಂಬುದು ಗುಮಾಸ್ತರಾಗಿದ್ದ ಕಾಲದಿಂದಲೂ ಸಲಹೆ ಮಾಮನ ನಂಬಿಕೆ.

ಅಧಿಕಾರಿ ಒಂದೊಂದನ್ನೇ ಎತ್ತಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ನಿಮಗೆ ಒಟ್ಟು ಎಷ್ಟು ಮದುವೆ ಆಗಿದೆ?”

“ಒಂದೇ ಸಾರ್! ದೇವರಾಣೆಗೂ ಒಂದೇ! ಅದೆಲ್ಲ ಬೇರೆಯವರ ಮದುವೆ!”

“ಬೇರೆಯವರ ಮದುವೇಲಿ ನಿಮ್ಮ ಕೈ ಯಾಕಿದೆ?”

ಅವನು ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ತಾನು ಫೋಟೋಗ್ರಾಫರ್ ಎಂದ, ಯಾವಾಗಲೂ ಕ್ಯಾಮರಾದ ಹಿಂದೆಯೇ ಇದ್ದೆ ಎಂದ, ಅವಳು ಅಲ್ಲಿ ಒಬ್ಬಳೇ ಊಟ ಮಾಡುತ್ತಾಳೆ ಎಂದ. ಹೇಳುತ್ತಾ ಹೇಳುತ್ತಾ ಕಣ್ಣೀರೇ ಬಂತು. ಅಧಿಕಾರಿ ಹೆಂಡತಿಯ ಫೋಟೋಗಳನ್ನು ಸಾಲಾಗಿ ಜೋಡಿಸಿದರು. ನೋಡುತ್ತಾ ಹೋದಂತೆ ಅವರ ಮುಖ ಮೆತ್ತಗಾಯಿತು.

“ಈ ಸಮುದ್ರದ ಹತ್ರ ಇವರು ಯಾಕೆ ಹೀಗೆ ದುರುಗುಟ್ಕೊಂಡು ನೋಡ್ತಾ ಇದ್ದಾರೆ?”

“ಬೆಳಕಿಗೋಸ್ಕರ ಸ್ವಲ್ಪ ಹೊತ್ತು ನಿಲ್ಲಿಸಿದ್ದೆ ಸಾರ್. ಅಲೆ ಬಂದು ಸೀರೆ ನೆನೀತು.”

“ಇದರಲ್ಲಿ?”

“ಅಡುಗೆ ಸೀದುಹೋಗ್ತಾ ಇತ್ತು. ಇನ್ನೊಂದೇ ಒಂದು ಅಂದೆ.”

“ಆಸ್ಪತ್ರೇಲೂ?”

“ಕಾಲು ನೋಯ್ತಾ ಇತ್ತು. ಗದ್ದ ಸ್ವಲ್ಪ ಎತ್ತು ಅಂದೆ ಸಾರ್.”

ಅಧಿಕಾರಿ ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟರು. “ನನಗೂ ಮದುವೆಯಾಗಿ ಬಹಳ ವರ್ಷ ಆಯ್ತು. ಈ ನೋಟ ನನಗೆ ಗೊತ್ತು. ಹೆಂಗಸರು ಪರರನ್ನ ಹೀಗೆ ನೋಡಲ್ಲ. ಕೈಹಿಡಿದ ಗಂಡನನ್ನ ಮಾತ್ರ ನೋಡ್ತಾರೆ. ಜೋಡಿಯಾಗಿ ನಿಂತು ಹಲ್ಲು ಬಿಡೋ ಫೋಟೋ ಯಾರು ಬೇಕಾದ್ರೂ ತೆಗೆಸ್ಕೋತಾರೆ ಸ್ವಾಮಿ. ಇದನ್ನ ನಟನೆ ಮಾಡೋಕಾಗಲ್ಲ. ಇದು ಅಪ್ಪಟ ಸಂಸಾರ.”

ಫೋಟೋಗ್ರಾಫರಿಗೆ ಹೋದ ಜೀವ ಬಂದಂತಾಯಿತು. ಎದ್ದು ನಿಂತು ಎರಡೂ ಕೈ ಮುಗಿದ. ಅಧಿಕಾರಿ ಮುದ್ರೆಯನ್ನು ಕೈಗೆತ್ತಿಕೊಂಡರು. ಶಾಯಿಗೆ ಅದ್ದಿದರು. ಕಾಗದದ ಹತ್ತಿರ ತಂದು, ಅಲ್ಲೇ ನಿಲ್ಲಿಸಿದರು.

“ಈಯಮ್ಮನಿಗೆ ಗಂಡ ಇದ್ದಾನೆ. ಆ ಗಂಡ ಕ್ಯಾಮರಾ ಹಿಂದೇನೇ ಇದ್ದಾನೆ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದ್ರೆ ಕ್ಯಾಮರಾ ಹಿಂದೆ ಇದ್ದೋರು ನೀವೇ ಅನ್ನೋದಕ್ಕೆ ದಾಖಲೆ ಏನು?”

“ನಾನೇ ಸಾರ್! ನಾನೇ ತೆಗೆದಿದ್ದು!”

“ಹಾಗಂತ ನೀವು ಹೇಳ್ತೀರಿ. ಇಷ್ಟು ಫೋಟೋದಲ್ಲಿ ಒಂದರಲ್ಲೂ ನೀವು ಕಾಣ್ತಿಲ್ಲ. ನೀವು ಕಾಣಿಸೋ ಕಡೆಯೆಲ್ಲ ಕಂಡೋರ ಹೆಂಡತಿ ಗದ್ದ ಹಿಡ್ಕೊಂಡಿದ್ದೀರಿ. ನಾನೇನು ಮಾಡ್ಲಿ ಹೇಳಿ? ಅವರ ಗಂಡನಿಗೆ ಕೊಡಬೇಕಾದ ವೀಸಾನ ನಿಮಗೆ ಕೊಟ್ಟು ಕಳಿಸಿದ್ರೆ ನಾಳೆ ಆ ಮನುಷ್ಯ ಬಂದು ನನ್ನ ಕೇಳಲ್ವಾ?”

ಮುದ್ರೆ ಬಿತ್ತು. ತಿರಸ್ಕೃತ ಎಂಬ ಕೆಂಪಕ್ಷರಗಳು ಇನ್ನೂ ಒದ್ದೆಯಾಗಿದ್ದವು. ಅವನು ಫೋಟೋಗಳನ್ನು ಕವರಿಗೆ ತುಂಬಿಕೊಂಡು ಹೊರಟ. ಬಾಗಿಲ ಹಿಡಿಗೆ ಕೈಹಾಕಿದವನನ್ನು ಅಧಿಕಾರಿ ಹಿಂದಿನಿಂದ ಕರೆದರು. ಸಮುದ್ರದ ಫೋಟೋ ಇನ್ನೂ ಅವರ ಕೈಯಲ್ಲೇ ಇತ್ತು.

“ತಪ್ಪು ತಿಳ್ಕೋಬೇಡಿ. ಮುಂದಿನ ತಿಂಗಳು ನನ್ನ ಮಗಳ ಮದುವೆ. ಈ ಫೋಟೋ ತೆಗೆದೋರು ಯಾರೋ ಗೊತ್ತಿಲ್ಲ, ಕೈ ಮಾತ್ರ ಬಹಳ ಚೆನ್ನಾಗಿದೆ. ಅವರ ನಂಬರ್ ಗೊತ್ತಿದ್ರೆ ಸ್ವಲ್ಪ ಬರೆದುಕೊಟ್ಟು ಹೋಗ್ತೀರಾ?”